ಪಿನ್ ಹಾಕಿದಿ ಏನು?

ಮೊದಲ ಚಾವಿ ತಗಿ, ಶೇವಂತಾ.
ತಗದು ನಿನ್ನ ಕಿಸೆದಾಗ ಇಟ್ಕೊ, ನನ್ನ ಕಿಸೆದಾಗ ಬ್ಯಾಡ.
ಗಾಡಿ ಕೆಳಗ ಯಾರ ಕೈ ಇರ್ತದೋ
ಚಾವಿ ಅವರ ಹಂತ್ಯಾಕೇ ಇರಬೇಕು.
ಪ್ಲಗ್ಗಿನ ವೈರ್ ಕಿತ್ತಿ ಅತ್ತಾಗ ಸರಸು,
ಮಲಗಿದ ಕೂಸಿನ ಕೈ ಸರಿಸಿದಂಗ.
ಬ್ಲೇಡಿಗಿ ಮಾತ್ರ ನಿದ್ದಿ ಅಂಬೋದು ಗೊತ್ತಿಲ್ಲ.

ಹ್ಞಾಂ, ಮುಂದಿನ ಗಾಲಿ ಎರಡೂ ಲಿಫ್ಟಿನ ತೊಟ್ಟಿಲದಾಗ ಕೂಡ್ಸು.
ಹಿಂದಿನ ಗಾಲಿಗಿ ಜಾಲಿ ಕಟಗಿ ಅಡ್ಡ ಇಡು.
ಕಲ್ಲ ಬ್ಯಾಡ.
ಬೀದರದ ಕೆಂಪುಕಲ್ಲಂತೂ ಬ್ಯಾಡೇ ಬ್ಯಾಡ.

ಕಿಲ್ಲೇದ ಗ್ವಾಡಿ ಇಷ್ಟು ವರ್ಷ ನಿಂತದಲ್ಲ, ಅಂತಿ.
ನಾನೂ ಹಂಗೇ ಅಂದಿದ್ನಿ.
ಗ್ವಾಡ್ಯಾಗ ಒಂದರ ಮ್ಯಾಲ ಒಂದು ಕುಂತು
ಭಾರ ಹಂಚಕೋತಾವ ಅವು.
ಒಂದೇ ಕಲ್ಲಿನ ಮ್ಯಾಲ, ಅದೂ ಒಂದು ಮೂಲಿ ಮ್ಯಾಲ
ಇನ್ನೂರು ಕಿಲೋದ ಗಾಡಿ ಇಟ್ಟು
ಕೆಳಗ ಮಲಗಿ ನೋಡು...
ಅಯ್ಯ, ನೋಡಬ್ಯಾಡ. ಮಾತಿಗಿ ಅಂದ್ನಿ.

ಕಾಲೇಜಿನ ಮೈದಾನ ಆಗಿನ್ನೂ ಹೊಸದು.
ಹೈದರಾಬಾದದಿಂದ ಹುಲ್ಲು
ಚಾಪಿ ಸುತ್ತಿದಂಗ ಸುತ್ಕೊಂಡು ಬಂದಿತ್ತು.
ಅದರ ಬೆನ್ನಿಗೇ ಈ ಗಾಡಿ, ಮ್ಯಾಲ ಕುಂತು ಹೊಡಿಯೋದು.
ಮಂದಿ ಕಂಪೌಂಡಿಗಿ ಗದ್ದ ಇಟ್ಟು ನೋಡ್ಲತ್ತಿದ್ರು:
'ನೋಡ್ರಲೇ, ಘಾಳೆಪ್ಪ ಕುರ್ಚಿ ಮ್ಯಾಲ ಕುಂತು ಹುಲ್ಲ ಕೊಯ್ಲತ್ತಾನ!'
ನಮ್ಮವ್ವ ಬಾಗಿ ಬಾಗಿ ಹುಲ್ಲ ಕೊಯ್ದು
ಚಿದ್ರಿ ಕಡಿ ಎಮ್ಮಿ ಇದ್ದೋರ ಮನಿಗಿ ಹೊರಿ ಹಾಕಿದಾಕಿ.
ಅಕಿ ಇದ್ದಿದ್ರ ಕೇಳತಿದ್ಳು, 'ಯಾರ ಎಮ್ಮಿಗಪ್ಪ ಇಷ್ಟು ಹುಲ್ಲ?'
ಯಾರ ಎಮ್ಮಿಗೂ ಅಲ್ಲಬೇ. ಚಂದಕ್ಕ.

ಶ್ರಾವಣದಾಗ ಹಸಿ ಹುಲ್ಲು ಡೆಕ್ಕಿಗಿ ಮೆತ್ತಿ
ಬ್ಲೇಡ್ ತಿರಗಲಿಲ್ಲ.
ಕಲ್ಲ ಇಟ್ನಿ, ಜಾಕ್ ತಗದ್ನಿ, ಕೈ ಹಾಕಿದ್ನಿ.
ಮ್ಯಾಲ ಏರ್‌ಫೋರ್ಸಿನ ವಿಮಾನ ಗುಡುಗಿ ಹೋಯ್ತು.
ಕಲ್ಲ ಅದಕ್ಕೇ ನಡುಗಿತು ಅಂತ
ಭಾಳ ದಿನ ಎಲ್ಲರ ಮುಂದ ಹೇಳಿದ್ನಿ.
ಸುಳ್ಳದು. ಕಲ್ಲಿನಾಗ ತೂತಿತ್ತು, ನನಗ ಅವಸರ ಇತ್ತು.
ತೋರಬೆರಳು, ನಡಬೆರಳು. ಅರ್ಧರ್ಧ.

ಲಿಫ್ಟಿನ ಅರ್ಜಿ ಎರಡು ವರ್ಷ ಫೈಲಿನಾಗ ಮಲಗಿತ್ತು.
'ಅವಶ್ಯಕತೆ ಏನು, ಕಾರಣ ಬರೀರಿ' ಅಂದ್ರು.
ಕ್ಲರ್ಕ್ ಮಾಣಿಕಪ್ಪನ ಟೇಬಲ್ ಮ್ಯಾಲ ಎಡಗೈ ಇಟ್ನಿ.
ಅಂವ ಚಹಾ ಕುಡೀಲತ್ತಿದ್ದ. ಕಪ್ಪು ಕೆಳಗಿಟ್ಟ.
ಮುಂದಿನ ತಿಂಗಳು ಬಂತು ನೋಡು,
ಕೊಳ್ಳಾಗ ಚೆಂಡು ಹೂವಿನ ಮಾಲಿ.
ಪ್ರಿನ್ಸಿಪಾಲ ಸಾಹೇಬರು ಟೆಂಗಿನಕಾಯಿ ಒಡದ್ರು,
ಆ ನೀರು ಬಿದ್ದು ಮೊದಲನೇ ದಿನಾನೇ ಪೆಡಲ್ ಕಿರ್ ಅಂತು.

ಒತ್ತು. ಇನ್ನೊಂದು ಸಲ ಒತ್ತು.
ಏಳ್ಲತ್ತದ ನೋಡು, ಕೆರಿಯಾಗಿಂದ ಎಮ್ಮಿ ಎದ್ದಂಗ, ಮೂತಿ ಮೊದಲ.
ಸಾಕು.
ಪಿನ್ ಹಾಕಿದಿ ಏನು?
ಹೈಡ್ರಾಲಿಕ್ ಅಂದ್ರ ಎಣ್ಣಿ, ಎಣ್ಣಿಗಿ ಸೋರೋ ಗುಣ.
ಪಿನ್ ಕಬ್ಬಣ.
ಒಮ್ಮಿ ಅಳ್ಳಾಡ್ಸು. ದೂರ ನಿಂತು ಅಳ್ಳಾಡ್ಸು.
ಪಿನ್ ಹಾಕಿದಿ ಏನು?
ಸಿಟ್ಟಾಗಬ್ಯಾಡವ್ವ, ಮೂರು ಸಲ ಕೇಳ್ತೀನಿ.
ಒಂದು ನಿನಗ,
ಇನ್ನೆರಡು ಈ ಎರಡಕ್ಕ.

ಈಗ ಗ್ಲೌಸ್ ಹಾಕ್ಕೊಂಡು ಕೆರಿ.
ಕುಂತೇ ಕೆರಿಬೌದು, ಮಲಗೋ ಕೆಲಸ ಇಲ್ಲ.
ಏನೇನು ಬೀಳ್ಲತ್ತದ!
ಕರ್ರಗಾದ ಹುಲ್ಲು, ಪತಂಗದ ಮಾಂಜಾ,
ಯಾರದೋ ಅಂಗಿ ಗುಂಡಿ, ಬಾಲಿನ ಚರ್ಮದ ಚೂರು.
ಆ ಕೆಂಪು ಪುಡಿ ಅಲ್ಲೇ ಬಿಡು.
ಎಷ್ಟೋ ಸಲ ತೊಳದೀನಿ,
ಮೂಲ್ಯಾಗ ಉಳದೇ ಉಳೀತದ.

ಬ್ಲೇಡ್ ಬಿಚ್ಚಿ ಸಾಣಿ ಹಿಡದಿ, ತಿರಗಿ ಬಿಗದಿ, ಗ್ರೀಸ್ ಕೊಟ್ಟಿ.
ನಿನ್ನ ಕೈಗಿ ಕೆಲಸ ತಿಳೀತದ.
ತೋರ್ಸು ಕೈ. ಎರಡೂ.
ಹತ್ತು.
ಈಗ ಇಳಸಮ್. ಕಾಲು ಹಿಂದಕ್ಕ. ಸಾವಕಾಶ.
ಯಾಕ ಇಳೀವಲ್ದು?

ಪಿನ್ ತಗದೇ ಇಲ್ಲಲ್ಲ ನಾವು.
ನಗು, ನಗು.
ಇರ್ಲಿ, ಇನ್ನೊಂದೀಟು ಹೊತ್ತು ಹಂಗೇ ನಿಂತಿರ್ಲಿ.
ಚಹಾ ಕುಡದು ಬರಮ್.