ಅಳೆದೂ ಸುರಿದೂ

ಗ್ರೋನಿಂಗನ್ನಿನ ಬಯಲಲ್ಲಿ ನವೆಂಬರ್ ಗಾಳಿ.
ಅಡುಗೆಮನೆಯ ಮೇಜಿನ ಮೇಲೆ ಖೇಸ್ಕೆ ಎರಡು ಹಾಳೆ ಹರಡಿದ್ದಾಳೆ:
ಹೀಟ್ ಪಂಪಿನ ಹಾಳೆಗೆ ಉಪ್ಪಿನ ಡಬ್ಬಿಯ ಭಾರ,
ಗ್ಯಾಸಿನದಕ್ಕೆ ಗಂಡನ ಕನ್ನಡಕ.

ಹೊಸ ಬಾಯ್ಲರಾದರೆ ಎರಡೂವರೆ ಸಾವಿರ ಯೂರೋ.
ಪಂಪಿಗೆ ಹನ್ನೊಂದು; ಸರ್ಕಾರ ಮೂರು ಕೊಟ್ಟರೂ ಎಂಟು,
ಜೋಡಿಗಾಜಿನ ಕಿಟಕಿಗೆ ಮತ್ತೆ ಒಂದೂವರೆ.
ತಿಂಗಳಿಗೆ ನಲವತ್ತು ಉಳಿದೀತು, ಕರೆಂಟಿನ ದರ ಏರದಿದ್ದರೆ.
ಅಳೆದಳು, ಸುರಿದಳು, ಪೆನ್ಸಿಲು ಕಚ್ಚಿದಳು.
"ಹದಿನೈದು ವರ್ಷಕ್ಕೆ ಗಂಟು ಮರಳುತ್ತದೆ.
ನಿನಗಾಗ ಎಂಬತ್ತನಾಲ್ಕು."

"ಚಳಿಯನ್ನೇ ಹಿಂಡಿ ಬಿಸಿ ತೆಗೆಯುತ್ತದಂತೆ," ಎಪ್ಪೋ ನಕ್ಕ,
"ಮರಳು ಹಿಂಡಿ ಎಣ್ಣೆ ಅಂದ ಹಾಗೆ."
ಅವನಿಗೆ ನೀಲಿ ಉರಿ ಕಣ್ಣಿಗೆ ಕಾಣಬೇಕು.
ಆ ಉರಿ ಮನೆಗೆ ಬಂದ ದಿನ
ಕಲ್ಲಿದ್ದಲ ಬಕೆಟ್ಟು ಕೆಳಗಿಟ್ಟು
ಅವ್ವ ಅಂಗೈ ನೋಡಿಕೊಂಡು ಅತ್ತಿದ್ದಳು.

ಖೇಸ್ಕೆ ವಾದಿಸಲಿಲ್ಲ. ಎದ್ದು ಗೋಡೆಯ ಬಳಿ ಹೋದಳು.
ಬಾಗಿಲ ತಲೆಯಿಂದ ನೆಲದವರೆಗೆ ಬಿರುಕು,
ಪಕ್ಕದಲ್ಲಿ ಅವಳದೇ ಪೆನ್ಸಿಲಿನ ಗೆರೆಗಳು,
ಒಂದೊಂದು ನಡುಕಕ್ಕೆ ಒಂದೊಂದು ತಾರೀಖು.
ಕಾಲಡಿಯ ಗ್ಯಾಸು ಹೀರಿ ಹೀರಿ ನೆಲ ಕುಸಿದದ್ದು.
ಬಾವಿ ಮುಚ್ಚಿದ್ದಾರೆ.
ನೆಲಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ.

ಜೇಬಿನಿಂದ ಒಂದು ಯೂರೋ ತೆಗೆದು ಬಿರುಕಿಗಿಟ್ಟಳು.
ಹೋದ ವರ್ಷ ಸಿಕ್ಕಿಕೊಂಡು ನಿಲ್ಲುತ್ತಿತ್ತು.
ಈಗ ಒಳಗೆ ಹೋಯಿತು,
ಬಿದ್ದ ಸದ್ದು ಕೇಳಲಿಲ್ಲ.

"ಇದನ್ನು ಯಾವ ಹಾಳೆಗೆ ಬರೆಯಲಿ?"

ಎಪ್ಪೋ ಕನ್ನಡಕ ಎತ್ತಿಕೊಂಡ, ಬಿರುಕು ನೋಡಲು.
ಹಾಳೆ ಗಾಳಿಗೆ ಜಾರಿ ನೆಲಕ್ಕೆ ಬಿತ್ತು.
ಅವನು ಬಗ್ಗಲಿಲ್ಲ;
ಕಾಲಿನಿಂದ ಒತ್ತಿ ಹಿಡಿದ,
ಸದ್ಯಕ್ಕೆ.