ಕೊನೀ ನಂಬರು

ಬೆಟಗೇರಿಯೊಳಗ ಅವರ ಮನಿ. ಕುಣಿಮಗ್ಗದ ದಂಡಿಗೆ
ತಿಂಗಳಿಗೊಮ್ಮೆ ಹನ್ನೆರಡು ಹೆಂಗಸರು ಕೂಡತಿದ್ರು.
ನಡುವ ಒಂದು ಡಾಲ್ಡಾ ಡಬ್ಬಿ. ತಲಿಗೆ ಹತ್ತು ರೂಪಾಯಿ.
ಭಿಶಿ ನಡೆಸಾಕಿ ಅವರವ್ವ, ಅಂಬೂಬಾಯಿ;
ಲೆಕ್ಕ ಬರಿಯಾಂವ ಹನ್ನೊಂದು ವರ್ಷದ ಕಿಶನಸಾ,
ಮೂಗಿನಾಗ ಸಿಂಬಳ, ಕಿವಿ ಮ್ಯಾಲ ಪೆನ್ಸಿಲ್ಲು.

ನಾ ಬಾಗಿಲದಾಗ ಕುಂತಿರತಿದ್ದೆ,
ನಮ್ಮವ್ವನ ಚಪ್ಪಲಿ ಕಾಯಕೋಂತ.

ಸವಾಲು ಏಳತಿತ್ತು. ಅಡಚಣಿ ಇದ್ದಾಕಿ ಮೊದಲ ಬಾಯಿ ತೆಗೀತಿದ್ಲು:
"ಆರು ಬಿಡ್ತೀನಿ." "ಹದಿನಾಲ್ಕು." ನಮ್ಮವ್ವ: "ಇಪ್ಪತ್ತಾರು."
ನೂರಾ ಇಪ್ಪತ್ತರಾಗ ಇಪ್ಪತ್ತಾರು ಬಿಟ್ಟು
ಉಳಿದದ್ದು ಸೆರಗಿನಾಗ ಕಟಗೊಂಡು ಏಳತಿದ್ಲು.
ಬಿಟ್ಟದ್ದು ಎಲ್ಲಾರಿಗೂ ಹಂಚಿಕಿ.
ಅಂಬೂಬಾಯಿ ವರ್ಷಾ ವರ್ಷಾ ಕೊನೀ ನಂಬರು,
ತುಂಬಿದ ಡಬ್ಬಿ, ಒಂದು ಪೈಸೆ ಬಿಡದಂಗ.

ಒಂದಿನ ಕಿಶನ ನನ್ನ ಕಿವ್ಯಾಗ ಅಂದ:
"ನೋಡ ಮೌಲಾ, ಬಾಯಿ ತೆಗಿಯೂಕಿಂತ ಮೊದಲ ಗೊತ್ತಾಗತೈತಿ.
ಅವಸರ ಇದ್ದಾಕಿ ಬಳಿ ತಿರುವತಾಳ."

ಮುಂದಿಂದು ಅರ್ಧ ಪೇಪರಿನಾಗ ಬಂದದ್ದು, ಅರ್ಧ ಓಣ್ಯಾಗ ಕೇಳಿದ್ದು.
ಗದಗಿನಾಗ ಬಿ.ಕಾಂ., ಮುಂಬಯಿಯೊಳಗ ಸಿ.ಎ.,
ಘಾಟಕೋಪರದ ಖೋಲ್ಯಾಗ ಆರು ಮಂದಿ,
ಇಂಟರ್‌ವ್ಯೂಕ್ಕ ಹೋಗಾಂವಗ ಇಸ್ತ್ರಿ ಮಾಡಿದ್ದು ಒಂದ ಅಂಗಿ.
ಆಮ್ಯಾಲ ಬ್ಯಾಂಕು, ಆಮ್ಯಾಲ ತಂದ ಸ್ವಂತ ಫಂಡು.
ಪ್ರೈವೇಟ್ ಇಕ್ವಿಟಿ ಅಂದ್ರೇನವಾ ಅಂತ ಕೇಳಿದ್ರ
ಅಂಬೂಬಾಯಿ ಅಡಕಿ ಕತ್ತರಿಸಿಕೋಂತ ಹೇಳಾಕಿ:
"ಭಿಶೀನ. ಡಬ್ಬಿ ದೊಡ್ಡದು. ಹೆಂಗಸರ ಬದಲಿ
ಕೋಟು ಹಾಕ್ಕೊಂಡ ಗಂಡಸರು."

ದವಾಖಾನಿ ಕೊಂಡ, ಮಾರಿದ. ಹಪ್ಪಳದ ಕಂಪನಿ ಕೊಂಡ, ಮಾರಿದ.
ರಕ್ತ ತಪಾಸಣಿ ಲ್ಯಾಬು ಎಂಬತ್ತು.
ಐದು ವರ್ಷದ ಮ್ಯಾಲ ಯಾವುದನ್ನೂ ಇಟಗೊಂಡಾಂವಲ್ಲ,
ಹೆಂಡತಿ ಒಬ್ಬಾಕೀನ ಬಿಟ್ಟು. ಅಕಿನೂ
ಒಂಬತ್ತನೇ ವರ್ಷಕ್ಕ ತಾನ ಎದ್ದು ಹೋದಳಂತ.
ಯಾರ ಕೈ ಕುಲುಕಿದ್ರೂ ಅವರ ತೋಳಿನ ಅಂಚು ಹೊರಳಿಸಿ
ಹಿಂಬದಿ ನೇಯ್ಗಿ ನೋಡಾಂವ. ಅದೊಂದು ಹೋಗಲಿಲ್ಲ.

ನಾ ಹುಬ್ಬಳ್ಳಿ ಗೋಕುಲ ರೋಡಿನ ವಾಲ್ವ್ ಫ್ಯಾಕ್ಟರಿಯೊಳಗ ಸ್ಟೋರ್ ಕೀಪರ್.
ಮಾಲಕರು ಅತ್ತಿಗೇರಿ ಅಣ್ತಮ್ಮರು ಮಾತು ಬಿಟ್ಟಿದ್ರು;
ಒಬ್ಬಾಂವ ಫ್ಯಾನ್ ಹಚ್ಚಿದ್ರ ಇನ್ನೊಬ್ಬಾಂವ ಆರಸಾಂವ.
ಕಿಶನಸಾ ದಲಬಂಜನ ಬಂದ. ಮೂರು ತಾಸು ಮಾತಾಡಲಿಲ್ಲ.
ಹುಡುಗ ರಜಾ; ಚಾ ಮೂರು ಸಲ ನಾನ ಒಯ್ದೆ.
ಮೂರನೇ ಸಲಕ್ಕ ಹಿರಿಯಾಂವ
ಬೆರಳಿನ ಉಂಗುರ ತಿರುವಾಕ ಹತ್ತಿದ್ದ.
ನಾ ಕಿಶನನ ಮಾರಿ ನೋಡಿದೆ.
ಅಂವ ಕಪ್ಪು ಕೆಳಗಿಟ್ಟು ರೇಟು ಹೇಳಿದ.

ಸುಳ್ಳ್ಯಾಕ ಹೇಳಲಿ, ಪಗಾರ ಒಂದನೇ ತಾರೀಖಿಗೆ ಆತು.
ಪಿಎಫ್ ಬಾಕಿ ತುಂಬಿದ. ಹೆಣ್ಮಕ್ಕಳಿಗೆ ಸಂಡಾಸು ಕಟ್ಟಿಸಿದ.
ಎರಕದ ಶೆಡ್ ಮುಚ್ಚಿದ: ಅರವತ್ತೆರಡು ಮಂದಿ, ಒಂದು ಹಾಳಿ ನೋಟೀಸು.
ನನ್ನ ಪಾಲಿಗೆ ಬೋನಸ್; ತಾರಿಹಾಳದಾಗ ಪ್ಲಾಟಿಗೆ ಮುಂಗಡ ಕೊಟ್ಟೆ.
ಎರಕದ ಫಕ್ಕೀರಪ್ಪ ಗಿರಮಿಟ್ಟಿನ ಗಾಡಿ ಹಚ್ಯಾನ.
ನಾ ಆ ದಾರೀಲೆ ಹೋಗಂಗಿಲ್ಲ.

ಐದನೇ ವರ್ಷ, ಪುಣೇದವರಿಗೆ ಮಾರಿದ ದಿನ,
ಒಬ್ಬಾಂವನ ಸ್ಟೋರಿಗೆ ಬಂದ. ತಲಿ ಬೆಳ್ಳಗಾಗಿತ್ತು.
"ನಿಮ್ಮವ್ವ ಎಷ್ಟನೇ ನಂಬರಿಗೆ ಎತ್ತತಿದ್ಲು?"
"ಎರಡನೇದಕ್ಕ. ಪ್ರತಿ ವರ್ಷ."
"ಗೊತ್ತೈತಿ. ನಾನ ಬರದದ್ದು."
ಅವನ ಕಾಲೇಜ್ ಫೀ ಕೊನೀ ನಂಬರಿನಾಗ ಕಟ್ಟಿದ್ದು;
ನನ್ನ ಸಾಲಿ ಏಳನೇತ್ತಕ್ಕ ನಿಂತದ್ದು.
ಇಬ್ಬರೂ ಬಾಯಿ ಬಿಟ್ಟು ಅನ್ನಲಿಲ್ಲ.

ಹೋಗಾಗ ರ‍್ಯಾಕಿನಿಂದ ಅರ್ಧ ಇಂಚಿನ ಹಿತ್ತಾಳಿ ವಾಲ್ವ್ ಎತಗೊಂಡ.
ಪಾಸ್ ಇಲ್ಲದ ಒಂದು ಬೋಲ್ಟೂ ಹೊರಗ ಹೋಗಂಗಿಲ್ಲ ಅಂದೆ.
ನಕ್ಕ. ಬರದೆ: ನಗ ಒಂದು. ಮರಳಿ ಬರತಕ್ಕದ್ದಲ್ಲ.
"ಕಿಮ್ಮತ್ತು?" ಅಂದ. ಆ ಕಾಲಮ್ ಖಾಲಿ ಬಿಟ್ಟೆ.
ಬಗ್ಗಿ ಸಹಿ ಮಾಡಿದ, ಹಾಳಿ ಹರಿಯೂಹಂಗ ಒತ್ತಿ,
ಅದ ಪೆನ್ಸಿಲ್ಲಿನ ಕೈ.

ಗೇಟಿನಾಗ ವಾಚ್‌ಮನ್ ಅವನ ಬ್ಯಾಗ ಬಿಚ್ಚಿಸಿ ನೋಡಿದ.
ಮಧ್ಯಾಹ್ನ ಹನ್ನೆರಡಕ್ಕ ಮಾಲಕಿ ಬದಲಾಗಿತ್ತಲ್ಲ.