ರೈಟರ್ ಉತ್ತಯ್ಯನವರ ಮಳೆ ಪುಸ್ತಕ

ಮುಂದಿನಿಂದ ತೆರೆದರೆ ಮಳೆ:
ತಾರೀಖು, ಇಂಚು, ಸೆಂಟು, ಗಾಳಿಯ ದಿಕ್ಕು.
ಹಿಂದಿನಿಂದ ತೆರೆದರೆ ಕುದುರೆ.
ನಡುವೆ ಎಲ್ಲೋ ಎರಡೂ ಮುಖಾಮುಖಿಯಾಗಲು
ಇನ್ನು ಹದಿನೆಂಟು ಹಾಳೆ ಬಾಕಿ.
ಅಲ್ಲಿಗೆ ನನ್ನ ಲೆಕ್ಕವೂ ಚುಕ್ತಾ, ಎನ್ನುತ್ತಿದ್ದರು ರೈಟರು.

ಶನಿವಾರಸಂತೆಯ ಕೆಳಗೆ ನೀರಿಳಿದ ಕೆರೆಯಂಗಳದಲ್ಲಿ
ಸಂತೆಯ ಮರುದಿನ ಜಟಕಾ ಓಟ.
ಆರು ಗಾಡಿ, ಮೂರು ಸುತ್ತು.
ಕುಕ್ಕುಲೋಟ ಸರಿ, ನಾಗಾಲೋಟ ತಪ್ಪು.
ನೆಗೆದ ಕುದುರೆಯನ್ನು ಜಗ್ಗಿ ನಿಲ್ಲಿಸಿ
ಉಳಿದ ಐದೂ ದಾಟಿದ ಮೇಲೆ ಹೊರಡಬೇಕು,
ತಲೆ ತಗ್ಗಿಸಿಕೊಂಡು.

ಐದು ವರ್ಷ, ಎಂಬತ್ಮೂರು ಓಟ.
ಒಳಸಾಲಿನಿಂದ ಹೊರಟು ಗೆದ್ದದ್ದು ಮೂವತ್ತೊಂದು.
ಆರನೇ ಸಾಲಿನಿಂದ ನಾಲ್ಕೇ ನಾಲ್ಕು.
ಈಗ ಪುಸ್ತಕ ತಿರುಗಿಸು, ಎನ್ನುತ್ತಿದ್ದರು:
ಆ ನಾಲ್ಕೂ ಅರವತ್ತು ಸೆಂಟು ದಾಟಿದ ಬೆಳಗುಗಳು.
ಒಳಗೆ ಕೆರೆಯ ಹೊಟ್ಟೆ, ಹಿಡಿದ ಗಾಲಿ ಬಿಡುವುದಿಲ್ಲ;
ಹೊರಗೆ ಮರಳು.
ಗೆದ್ದ ಗಾಡಿಗೆ ಮುಂದಿನ ವಾರ ಅರ್ಧ ಮೂಟೆ ಭಾರ,
ಅದು ಎಷ್ಟು ಗಜಕ್ಕೆ ಸಮ ಎಂಬುದಕ್ಕೆ ಒಂದು ಕೋಷ್ಟಕ,
ಮೂಟೆ ಒದ್ದೆಯಾದರೆ ಇನ್ನೊಂದು.

ತಾವು ಒಂದು ರೂಪಾಯಿ ಕಟ್ಟಿದವರಲ್ಲ.
ಮೂವತ್ನಾಲ್ಕು ವರ್ಷ ಎಸ್ಟೇಟಿನಲ್ಲಿ ಪರರ ಕಾಫಿ ತೂಗಿದ ಕೈ.
ತೂಗುವವನು ಕೊಳ್ಳಬಾರದು ಕಣೋ.
ನಾನು ಕೊಳ್ಳುತ್ತಿದ್ದೆ.
ನನ್ನದು ಪಂಕ್ಚರ್ ಅಂಗಡಿ, ಗಾಳಿ ಮಾರಿ ಬದುಕುವವನು.

ಇಲಿಯಾಸನ ಹೆಣ್ಣುಕುದುರೆ ಶುಂಠಿ.
ಎರಡು ತಿರುವಿನವರೆಗೆ ಅವಳಿಗೆ ಎದುರಿಲ್ಲ.
ಮೂರನೆಯದರಲ್ಲಿ, ಹಳೆಯ ಏಲಕ್ಕಿ ಗೂಡಿನ ಹತ್ತಿರ,
ಏನೋ ಆಗಿ ನೆಗೆಯುತ್ತಾಳೆ.
ಹನ್ನೊಂದರಲ್ಲಿ ಒಂಬತ್ತು ಸಲ.
ಕೆಂಪು ಶಾಯಿಯಲ್ಲಿ ರೈಟರ ತೀರ್ಪು: 'ಮೂ. ತಿ. ಬಿಡು.'

ಓಟವಿಲ್ಲದ ಒಂದು ಮಂಗಳವಾರ ಅಲ್ಲಿಗೆ ಹೋಗಿ ನಿಂತೆ.
ಗುಂಡಿಯಿಲ್ಲ. ಬೊಗಳುವ ನಾಯಿಯಿಲ್ಲ.
ಬಿಸಿಲಿಗೆ ಕಣ್ಣು ಕುಕ್ಕುವ ತಗಡೂ ಇಲ್ಲ.
ಗೂಡಿನ ಪಕ್ಕ ಗೂಟಕ್ಕೆ ಕಟ್ಟಿದ ಒಂದು ಕುದುರೆಮರಿ,
ಹಣೆಯ ಮೇಲೆ ಅವಳದೇ ಓರೆ ಬೊಟ್ಟು.
ಹೋದ ವರ್ಷ ಇಲಿಯಾಸನೇ ಮಾರಿದ್ದಂತೆ,
ಮಗಳ ಕಿವಿಯ ಆಪರೇಷನ್ನಿಗೆ.

ಓಡಿ ಬಂದು ಹೇಳಿದೆ.
ಉತ್ತಯ್ಯನವರು ಕನ್ನಡಕ ಒರೆಸಿ ಕೇಳಿದ್ದು ಒಂದೇ ಮಾತು:
ಹಾಗಾದರೆ ಆ ಎರಡು ಸಲ?
ಪುಸ್ತಕ ತಿರುಗಿಸಿದರು.
ಎಪ್ಪತ್ತೆರಡು ಸೆಂಟು. ಒಂದು ಇಂಚು ಹತ್ತು.
ಮಳೆಗೆ ಮರಿಯನ್ನು ಒಳಗೆ ಕಟ್ಟಿದ್ದರು.
ಎರಡು ಸಲವೂ ಶುಂಠಿಯೇ ಮೊದಲು.

ಆಮೇಲೆ ಬಹಳ ಹೊತ್ತು ಅವರು ಮಾತಾಡಲಿಲ್ಲ.
ನಾನು ಮನಸ್ಸಿನಲ್ಲೇ ನೋಟು ಎಣಿಸುತ್ತಿದ್ದೆ.

ಮಾರ್ಚಿ ಹತ್ತೊಂಬತ್ತು. ನಸುಕಿನಲ್ಲಿ ಹೂಮಳೆ, ಎಂಬತ್ತೈದು ಸೆಂಟು.
ತೋಟದವರೆಲ್ಲ ಮೊಗ್ಗು ನೋಡಲು ಓಡಿದರೆ
ನಾನು ನಾನೂರು ರೂಪಾಯಿ ಹಿಡಿದು ಕೆರೆಗೆ.
ಚೀಟಿ ಎತ್ತಿದರೆ ಶುಂಠಿಗೆ ಆರನೇ ಸಾಲು.
ಇಷ್ಟು ಕಾಲಮ್ಮು ಒಟ್ಟಿಗೆ ಕೈಮುಗಿದದ್ದನ್ನು ನಾನು ಕಂಡಿಲ್ಲ.

ಮೊದಲ ಸುತ್ತಿನಲ್ಲಿ ಮೂರು ಗಾಡಿ ಮುಂದೆ.
ಮೂರನೇ ತಿರುವು.
ಗೂಟ ಖಾಲಿ. ಗೂಡಿನ ಬಾಗಿಲು ಮುಚ್ಚಿತ್ತು.
ಅವಳು ನೆಗೆಯಲಿಲ್ಲ.
ನಿಧಾನವಾದಳು.
ಒಂದು ಕಿವಿ ಗೂಡಿನ ಕಡೆ ತಿರುಗಿಸಿ,
ಒದ್ದೆ ಮರಳಿನಲ್ಲಿ ಹೆಜ್ಜೆ ತಪ್ಪದೆ, ಸಾವಕಾಶ,
ನಿಯಮದಲ್ಲಿ ಎಲ್ಲೂ ತಪ್ಪಿಲ್ಲ.
ಚಾಟಿ ಇಲಿಯಾಸನ ಮೊಣಕಾಲ ಮೇಲೆಯೇ ಇತ್ತು.
ಎರಡನೇ ಸುತ್ತಿನಲ್ಲೂ ಹಾಗೇ. ಮೂರನೆಯದರಲ್ಲೂ.

ಸಂಜೆ ರೈಟರು ಬರೆದರು:
ಮಳೆ ೦.೮೫. ಸಾಲು ೬. ಸ್ಥಾನ ೪.
ಷರಾ ಎಂಬಲ್ಲಿಗೆ ಬಂದು ಪೆನ್ನಿಗೆ ಮುಚ್ಚಳ ಹಾಕಿದರು,
ಮತ್ತೆ ತೆಗೆದರು.
ನಿನ್ನದು ಎಷ್ಟು ಹೋಯಿತು?
ನಾನೂರು.
ಅದನ್ನೇ ಬರೆದುಕೊಂಡರು.